ಮೇಲಕ್ಕೆ ಹರಿದ ಕಬ್ಬಿಣ

ಧಾರವಾಡದಲ್ಲಿ ಎಂಜಿನಿಯರಿಂಗ್ ಮುಗಿಸಿ ವಿಶಾಖಪಟ್ಟಣಕ್ಕೆ ಬಂದಾಗ ನನಗೆ ತೆಲುಗಿನಲ್ಲಿ ಬರುತ್ತಿದ್ದುದು ನಮ್ಮ ‘ರೀ’ಯಂಥ ‘ಅಂಡಿ’ ಒಂದೇ. ಇಂಗ್ಲಿಷ್ ಮಾತಿಗೂ ಅದನ್ನು ಅಂಟಿಸಿ ಮರ್ಯಾದೆ ಉಳಿಸಿಕೊಳ್ಳುತ್ತಿದ್ದೆ. ದ್ವಾರಕಾ ನಗರದಲ್ಲಿ ಒಂದು ಬ್ಯಾಂಕಿನ ಮೇಲಿನ ಮಹಡಿಯಲ್ಲಿ ನಮ್ಮ ಕಚೇರಿ. ಕಚೇರಿ ಎಂದರೆ ನಾನು ಮತ್ತು ನನ್ನ ಬಾಸ್, ಅಷ್ಟೇ. ಅವರು ಮೈಸೂರಿನವರು. ಉಕ್ಕಿನ ಕಾರ್ಖಾನೆಯ ಕೆಲಸ ಬಿಟ್ಟು, ಎರಕ ಹೊಯ್ಯುವುದನ್ನು ಕಂಪ್ಯೂಟರಿನಲ್ಲೇ ಮಾಡಿ ತೋರಿಸುವ ತಂತ್ರಾಂಶ ಕಟ್ಟಲು ಹೊರಟಿದ್ದರು.

ಮನೆಯಲ್ಲಿ ಅವ್ವನಿಗೆ ಫೋನಿನಲ್ಲಿ ನನ್ನ ಕೆಲಸವನ್ನು ಹೀಗೆ ವಿವರಿಸಿದ್ದೆ: “ಬಟ್ಟಲದಾಗಿನ ತುಪ್ಪ ಗಟ್ಟಿ ಆಗೂಮುಂದ ನಡುವ ಕುಳಿ ಬೀಳತದಲ್ಲ, ಹಂಗ ಕಬ್ಬಿಣದಾಗೂ ಬೀಳತದ. ಎಲ್ಲಿ ಬೀಳತದಂತ ಮೊದ್ಲ ಹೇಳೂದು ನಮ್ಮ ಕೆಲಸ.”

“ಅದಕ್ಕ ಅಷ್ಟು ದೂರ ಹೋಗಬೇಕಿತ್ತೇನವಾ?” ಎಂದಳು ಅವ್ವ.

ನಮಗೆ ಸಿಕ್ಕ ಮೊದಲ ಗಿರಾಕಿ ವಿಜಯವಾಡದ ಒಂದು ಫೌಂಡ್ರಿಯ ಒಡತಿ. ನೀರೆತ್ತುವ ಪಂಪುಗಳ ಹೊರಕವಚ ಎರಕ ಹೊಯ್ಯುವ ಕಾರ್ಖಾನೆ ಆಕೆಯದು. ಬಾಸ್ ಫೋನಿನಲ್ಲಿ ಹೇಗೋ ಒಪ್ಪಿಸಿ, ಕವಚದ ನಕ್ಷೆ ತರಿಸಿಕೊಂಡಿದ್ದರು. ಲ್ಯಾಪ್‌ಟಾಪ್ ನಮ್ಮ ಕಚೇರಿಯ ಯೋಗ್ಯತೆಗೆ ನಿಲುಕದ ಕಾಲ. ದೊಡ್ಡ ಕಂಪ್ಯೂಟರನ್ನೇ ಹೊದಿಕೆಯಲ್ಲಿ ಸುತ್ತಿ, ಬೆಳಗಿನ ರೈಲಿನಲ್ಲಿ ಕಿಟಕಿಯ ಪಕ್ಕ ಕೂರಿಸಿ, ನಾವಿಬ್ಬರೂ ಅದರ ಕಾವಲಿಗೆ ಕೂತೆವು. ಎದುರಿನ ಅಜ್ಜಿ, “ಪಾಪಕಿ ಜ್ವರಮಾ ಅಮ್ಮಾ?” ಎಂದು ಕೇಳಿದರು. ಮಗುವಿಗೆ ಜ್ವರ ಎಂದುಕೊಂಡಿದ್ದರು. “ಲೇದಂಡಿ, ಕಂಪ್ಯೂಟರಂಡಿ” ಎಂದೆ. ಅಜ್ಜಿ ತಮ್ಮ ಬುಟ್ಟಿಯನ್ನು ಸ್ವಲ್ಪ ದೂರ ಸರಿಸಿಕೊಂಡರು.

ಒಡತಿ ಐವತ್ತು ದಾಟಿದ ಗಟ್ಟಿ ಹೆಂಗಸು. ಆಫೀಸು ಕೋಣೆಯಲ್ಲಿ ಕುರ್ಚಿಗಳನ್ನು ಸಾಲಾಗಿ ಹಾಕಿಸಿ, ಕೆಲಸಗಾರರನ್ನೂ ಕೂರಿಸಿ, ಸಿನಿಮಾಗೆ ಬಂದವರಂತೆ ಮುಂದಿನ ಸಾಲಿನ ನಡುವೆ ಕೂತರು. ಬಾಸ್ ಇಂಗ್ಲಿಷಿನಲ್ಲಿ ಪುಟ್ಟ ಭಾಷಣ ಮಾಡಿ ಗುಂಡಿ ಒತ್ತಿದರು. ಪರದೆಯ ಮೇಲೆ ಅಚ್ಚಿನ ಬಾಯಿಗೆ ಕೆಂಪು ಕಬ್ಬಿಣ ಬಂತು. ಕೆಳಗಿಳಿಯಬೇಕಾದದ್ದು ಒಂದು ಕ್ಷಣ ಅಲ್ಲೇ ನಿಂತು, ಆಮೇಲೆ ಕಾರಂಜಿಯಂತೆ ಮೇಲಕ್ಕೆ ಚಿಮ್ಮಿ ಪರದೆಯ ತುದಿಯಲ್ಲಿ ಅಂಟಿಕೊಂಡಿತು. ಹಿಂದಿನ ಸಾಲಿನಲ್ಲಿ ಯಾರೋ ಸಿಳ್ಳೆ ಹಾಕಿದರು.

ನಾನು ಬಾಸ್ ಕಿವಿಯ ಹತ್ತಿರ ಬಾಗಿದೆ. “ಸರ್, ಗ್ರ್ಯಾವಿಟಿ ದಿಕ್ಕು ತಿರುವೀರೇನ್ರಿ?”

“ಹೌದಮ್ಮ. ಅವರ ನಕ್ಷೆ ತಲೆಕೆಳಗಾಗಿತ್ತಲ್ಲ, ನಿನ್ನೆ ರಾತ್ರಿ ಆಫೀಸಿಂದ ಹೊರಡೋ ಮುಂಚೆ ಸರಿ ಮಾಡಿದೆ.”

“ನಾ ಆಗಲೇ ಕವಚನ ತಿರುವಿ ಸರಿ ಮಾಡಿದ್ನಲ್ರೀ!”

“ಅಯ್ಯೋ, ಒಂದು ಮಾತು ಹೇಳ್ಬಾರದಾಗಿತ್ತಾ?”

“ನೀವರ ಹೇಳಬಾರದೇನ್ರಿ?”

“ಮೆಲ್ಲಗೆ. ಇದೊಂದು ವಿಶೇಷ ಪರೀಕ್ಷೆ ಅಂತ ಹೇಳಿಬಿಡ್ತೀನಿ. ಅವರಿಗೇನು ಗೊತ್ತಾಗತ್ತೆ?”

ಒಡತಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. “ನಾ ಹುಟ್ಟಿದ್ದು ಬಳ್ಳಾರಿಯಾಗ್ರಿ” ಎಂದರು. “ಭೂಮಿ ಕೆಳಕ್ಕ ಎಳೀತೈತಿ ಅಂತ ಮೊದ್ಲು ನಿಮ್ಮ ಕಂಪ್ಯೂಟರ್‌ಗೆ ಹೇಳ್ರಿ. ಆಮ್ಯಾಕ ನನಗ ತೋರಿಸೀರಂತ.”

ಬಾಸ್ ಮುಖ ಕಾಯಿಸಿದ ಕಬ್ಬಿಣದಂತಾಯಿತು. ನನಗೆ ನಗು ತಡೆಯಲಾಗಲಿಲ್ಲ. ಒಡತಿಯೂ ನಕ್ಕರು, ಆಮೇಲೆ ಅರ್ಥವಾಗದಿದ್ದರೂ ಇಡೀ ಕೋಣೆ ನಕ್ಕಿತು. ನಾನು ಒಂದು ಸಾಲು ತಿದ್ದಿ ಮತ್ತೆ ಲೆಕ್ಕಕ್ಕೆ ಹಾಕಿದೆ. ಕಂಪ್ಯೂಟರ್ ಗುರುಗುಡುತ್ತ ಕೂತಿತು. ಅಷ್ಟು ಹೊತ್ತಿಗೆ ಒಡತಿ ನಮ್ಮನ್ನು ಊಟಕ್ಕೆ ಎಬ್ಬಿಸಿದರು. ಗೋಂಗೂರ ಚಟ್ನಿಗೆ ಬಾಸ್ ಕಣ್ಣಲ್ಲಿ ನೀರು. “ನಿಮ್ಮ ಸರ್ ಇನ್ನೂ ಬೇಜಾರಾಗ್ಯಾರೇನು?” ಎಂದು ಆಕೆ ನನ್ನನ್ನು ಕೇಳಿದರು. “ಇಲ್ರಿ, ಖಾರ” ಎಂದೆ.

ಊಟ ಮುಗಿಸಿ ಬಂದಾಗ ಕಬ್ಬಿಣ ಸೌಜನ್ಯದಿಂದ ಕೆಳಗಿಳಿದು ಅಚ್ಚು ತುಂಬಿಸಿತ್ತು. ತೆಳು ಭಾಗಗಳು ನೀಲಿಯಾಗಿ ಗಟ್ಟಿಯಾದವು. ಬೋಲ್ಟು ಕೂರಿಸಲು ಉಬ್ಬಿಸಿದ ದಪ್ಪ ಗುಬಟೊಂದು ಮಾತ್ರ ಕೊನೆಯವರೆಗೂ ಕೆಂಪಾಗಿ ಉಳಿಯಿತು. ಅದು ಆರಿ ಕುಗ್ಗುವ ಹೊತ್ತಿಗೆ ಸುತ್ತಲಿನದೆಲ್ಲ ಹೆಪ್ಪುಗಟ್ಟಿ, ಅದಕ್ಕೆ ಎಲ್ಲಿಂದಲೂ ಕರಗಿದ ಕಬ್ಬಿಣ ಸಿಗದು. ಒಳಗೆ ಪೊಳ್ಳು ಇರಲೇಬೇಕು ಎಂದೆವು.

“ಇರಾಂಗಿಲ್ಲ. ನಮ್ಮ ಮಾಲು ಕಲ್ಲಿದ್ದಂಗ” ಎಂದ ಒಡತಿ, ಅಂಗಳದಲ್ಲಿದ್ದ ಒಂದು ಕವಚವನ್ನು ಗರಗಸಕ್ಕೆ ಹಾಕಿಸಿದರು.

ಗರಗಸದ ಕಿರುಚಾಟ ಮುಗಿಯುವವರೆಗೆ ನಾನು ಕಿವಿ ಮುಚ್ಚಿಕೊಂಡು ನಿಂತೆ. ಎರಡು ಹೋಳಾಯಿತು. ಗುಬಟಿನ ಹೊಟ್ಟೆಯಲ್ಲಿ, ನಾವು ಹೇಳಿದ ಕಡೆಯೇ, ಹುಣಸೆ ಬೀಜದಷ್ಟು ತೂತು. “ಐತ್ರಿ! ತೂತು ಐತ್ರಿ!” ಎಂದು ಕೂಗಿ ನಾನು ನಿಂತಲ್ಲೇ ಕುಣಿದುಬಿಟ್ಟೆ. ಆಮೇಲೆ ನೋಡಿದರೆ, ಕುಣಿಯುತ್ತಿರುವುದು ನಾನೊಬ್ಬಳೇ. ಬೇರೆಯವರ ಮನೆಯ ಗೋಡೆ ಬಿರುಕು ಬಿಟ್ಟಿದ್ದಕ್ಕೆ ಚಪ್ಪಾಳೆ ತಟ್ಟಿದಂತಿತ್ತು. ಬಾಸ್ ಮೇಲೆತ್ತಿದ್ದ ನನ್ನ ಕೈ ಹಿಡಿದು ಕೆಳಗಿಳಿಸಿದರು.

ಒಡತಿ ಹೋಳನ್ನು ಕೈಯಲ್ಲಿ ಹಿಡಿದು ಬೆರಳಿಟ್ಟು ನೋಡಿದರು. ಅವರ ಮುಖ ನೋಡಿ ನನ್ನ ಉತ್ಸಾಹವೆಲ್ಲ ಜರ್ರನೆ ಇಳಿಯಿತು. “ಸಾರಿ ರೀ” ಎಂದೆ.

“ಸಾರಿ ಯಾಕ? ಇದನ್ನ ಮುಚ್ಚೋದು ಹ್ಯಾಂಗ, ಅದನ್ನ ಹೇಳು.”

ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ನನಗೆ ಜೀವ ಬಂತು. ಅಚ್ಚಿನಲ್ಲಿ ಗುಬಟಿನ ಪಕ್ಕದಲ್ಲೇ ಕರಗಿದ ಕಬ್ಬಿಣ ನಿಲ್ಲುವ ಒಂದು ಚಿಕ್ಕ ತೊಟ್ಟಿ ಇಟ್ಟರೆ, ಅದು ಎಲ್ಲಕ್ಕಿಂತ ಕೊನೆಗೆ ಆರಿ, ಅಲ್ಲಿಯವರೆಗೆ ಗುಬಟಿಗೆ ಉಣಿಸುತ್ತದೆ. ಎಲ್ಲಿ, ಎಷ್ಟು ದೊಡ್ಡದು ಎಂದು ಲೆಕ್ಕ ಹಾಕಿ, ಸಂಜೆಯ ರೈಲು ಹಿಡಿಯುವ ಮೊದಲು ಚಿತ್ರ ಬರೆದುಕೊಟ್ಟೆವು.

ಕೆಲವು ವಾರಗಳ ನಂತರ ಕಚೇರಿಗೆ ಫೋನ್ ಬಂತು. ಬಾಸ್ ಸ್ಪೀಕರ್ ಹಾಕಿದರು. “ಹೊಸ ಮಾಲು ಕೊಯ್ಸಿ ನೋಡಿದೆ” ಎಂದರು ಒಡತಿ. ನಾವಿಬ್ಬರೂ ಮೇಜನ್ನು ಹಿಡಿದುಕೊಂಡೆವು. “ಒಳಗ ಏನೂ ಇಲ್ಲ.”

ಅಂದು ಬಾಸ್ ಕಚೇರಿಗೆ ಬೀಗ ಹಾಕಿ, ಸ್ಕೂಟರಿನಲ್ಲಿ ನನ್ನನ್ನು ಋಷಿಕೊಂಡದ ಕಡಲ ತೀರಕ್ಕೆ ಕರೆದೊಯ್ದರು. ಸುಟ್ಟ ಜೋಳ ತಿನ್ನುತ್ತ ಮರಳಲ್ಲಿ ಕೂತೆವು. ಅವರು ಸಮುದ್ರ ನೋಡುತ್ತ, “ಈ ಅಲೆಗಳನ್ನೂ ಲೆಕ್ಕ ಹಾಕಬಹುದು ಕಣಮ್ಮ, ಮೊದಲು ನೀರನ್ನ ಚೌಕ ಚೌಕ ಮಾಡ್ಕೊಂಡ್ರೆ...” ಎಂದು ಬೆರಳಿನಿಂದ ಮರಳ ಮೇಲೆ ಚೌಕಗಳನ್ನು ಎಳೆಯತೊಡಗಿದರು. ನಾನು ಇನ್ನೊಂದು ಜೋಳ ತರಲು ಎದ್ದು ಹೋದೆ.