ಮುದ್ರೆ ಬರುವ ಮುನ್ನ ಇಳಿದ ಬಸುರಿ

ಅಚೇ ಬಂದರಿನ ಸುಂಕದಕಟ್ಟೆಯಲ್ಲಿ ಹಡಗಿನ ಹೆಂಗಸರ ತಪಾಸಣೆ ಕೆಮಾಲಾಳ ಕೆಲಸ. ನಾನು ಅಲ್ಲೇ ಮೂಟೆಗಳಿಗೆ ಗುರುತು ಹಾಕುತ್ತಿದ್ದೆ. ಹಿಂದೊಮ್ಮೆ ಬಸುರಿಯ ವೇಷದವಳೊಬ್ಬಳು ಹೊಟ್ಟೆಗೆ ಅಫೀಮು ಕಟ್ಟಿಕೊಂಡು ಕೆಮಾಲಾಳ ಕಣ್ಣಿಗೆ ಮಣ್ಣೆರಚಿದ್ದಳು. ಅದಕ್ಕೆ ಇವಳು ತಿಂದ ಒಂಬತ್ತು ಬೆತ್ತದೇಟುಗಳನ್ನು ಇಡೀ ಬಂದರೇ ನೋಡಿತ್ತು.

ಆ ಶುಕ್ರವಾರ ಕೆಡಾ ಬಂದರಿನಿಂದ ತವರ ಹೊತ್ತ ಹಡಗು ಬಂತು. ಅರಮನೆಯಿಂದ ರಾಣಿಯ ಮುದ್ರೆ ಬರುವ ತನಕ ಯಾರೂ ಇಳಿಯುವಂತಿಲ್ಲ, ಕಟ್ಟೆಯವರಲ್ಲದೆ ಯಾರೂ ಹತ್ತುವಂತಿಲ್ಲ. ಶುಕ್ರವಾರ ದರ್ಬಾರಿಲ್ಲ; ಮುದ್ರೆ ಮರುದಿನವೇ. ಹಡಗಿನಲ್ಲಿ ಮೆಲುರ್ ಎಂಬ ಚೊಚ್ಚಲ ಬಸುರಿ ನೋವು ತಿನ್ನುತ್ತಿದ್ದಳು.

ಕೆಮಾಲಾ, ಕಾವಲಿನ ಅಬಾಸ್, ನಾನು ಮೂವರೂ ಕಟ್ಟೆಯ ದೋಣಿಯಲ್ಲಿ ಹೋಗಿ ಹಡಗು ಹತ್ತಿದೆವು.

“ಏನಕ್ಕಾ, ಈ ಸಲ ಹೊಟ್ಟೇಲಿ ಅಫೀಮೋ, ಕರ್ಪೂರಾನೋ?” ಎಂದ ಅಬಾಸ್.

ಕೆಮಾಲಾ ಮೆಲುರ್ ಮಲಗಿದ್ದ ಪರದೆಯೊಳಗೆ ಹೋದಳು. ಹೊಟ್ಟೆ ಮುಟ್ಟಿ ನೋಡಿ ಹೊರಬಂದಳು. “ಮಗು ಅಡ್ಡ ತಿರುಗಿದೆ ತಮ್ಮಾ. ಬೆಳಗಿನ ತನಕ ಇವಳು ಉಳಿಯಲ್ಲ. ಸೂಲಗಿತ್ತಿ ಹತ್ರ ಒಯ್ತೀನಿ.”

“ಸುಂಕದವರ ಮುಂದೆ ಸುಖದುಃಖಾನಾ? ಇವಳು ನೆಲ ಮುಟ್ಟಿದ್ರೆ ನಿನ್ನ ಜೊತೆ ನನ್ನ ಬೆನ್ನೂ ಹರಿಯುತ್ತೆ.”

“ಮುಟ್ಟಲ್ಲ. ಸೂಲಗಿತ್ತೀನ ದೋಣಿಗೇ ಕರೆಸ್ತೀನಿ, ಅಲ್ಲೇ ಹೆರ್ತಾಳೆ.”

“ಹಡಗು ಇಳಿದ್ರೂ ತಪ್ಪೇ.”

“ತಪ್ಪು ನಂದು ಅಂತ್ಲೇ ಹೇಳು. ದಾರಿ ಬಿಡು.”

ಅಬಾಸ್ ಈಟಿ ಅಡ್ಡ ಹಿಡಿದ. ಪರದೆಯ ಹಿಂದೆ ಮೆಲುರ್ ಚೀರಿದಳು. ಈಟಿ ಗೇಣು ಕೆಳಗಾಯಿತು.

“ಚಾಪೆಯ ಆ ತುದಿ ಹಿಡ್ಕೊಳಪ್ಪಾ,” ಎಂದಳು ಕೆಮಾಲಾ ನನಗೆ.

ಮೆಲುರಳನ್ನು ಚಾಪೆಯಲ್ಲಿ ದೋಣಿಗಿಳಿಸಿ, ದೋಣಿಯನ್ನು ದಡದ ಕಂಬಕ್ಕೆ ಬಿಗಿದೆವು. ಮುದುಕಿ ಸೂಲಗಿತ್ತಿಯನ್ನು ನಾನೇ ಹೊತ್ತು ತಂದೆ. ಅಬಾಸ್ ದಡದಲ್ಲಿ ನಿಂತು ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಅಷ್ಟರಲ್ಲಿ ಕಡಲಿನ ಇಳಿತ ಶುರುವಾಗಿ ದೋಣಿಯ ತಳ ಕೆಸರಿಗೆ ತಾಗಿತು.

“ಅಕ್ಕಾ, ನೆಲ,” ಎಂದ ಅಬಾಸ್.

ಕೆಮಾಲಾ ಹಗ್ಗ ಬಿಚ್ಚಿ ನೀರಿಗೆ ಧುಮುಕಿದಳು. ದೋಣಿಯನ್ನು ಆಳಕ್ಕೆ ತಳ್ಳಿ, ಸೆಳೆತದಲ್ಲಿ ಎದೆಮಟ್ಟ ಮುಳುಗಿ, ಅದನ್ನು ಹಿಡಿದೇ ನಿಂತಳು. ನಾನು ಇನ್ನೊಂದು ಬದಿ ಹಿಡಿದೆ. ಕಾಲಡಿಯ ಮರಳು ಜಾರುತ್ತಿತ್ತು. ಸೂಲಗಿತ್ತಿ ಬೈಯುತ್ತಲೇ ಮಗುವನ್ನು ತಿರುಗಿಸಿದಳು. ಸಂಜೆಯ ಬಾಂಗಿಗೆ ಮುಂಚೆ ಹೆಣ್ಣುಮಗು ಅತ್ತಿತು.

ಮರುದಿನ ಬಂದರಿನ ಅಧಿಕಾರಿ ವಿಚಾರಣೆ ಮಾಡಿದರು. “ಆ ಬಸುರಿ ನೆಲ ಮುಟ್ಟಿದಳೋ?”

“ಮುಟ್ಟಲಿಲ್ಲ ಒಡೆಯಾ, ಕಣ್ಣಾರೆ ಕಂಡಿದ್ದೀನಿ,” ಎಂದ ಅಬಾಸ್.

ಬೆತ್ತ ತಪ್ಪಿತು; ಹಡಗಿನಿಂದ ಇಳಿಸಿದ್ದಕ್ಕೆ ಕೆಮಾಲಾಳ ಕೆಲಸ ಹೋಯಿತು. ಅವಳು ಆ ಸೂಲಗಿತ್ತಿಯ ಜೊತೆ ಸೇರಿ ಹೆರಿಗೆ ಮಾಡಿಸುವ ಕೆಲಸ ಕಲಿತಳು. ಕಟ್ಟೆಯವರ ಹೆಂಡಂದಿರೂ ಆಮೇಲೆ ಹೆರಿಗೆಗೆ ಅವಳನ್ನೇ ಕರೆಯುತ್ತಿದ್ದರು.