ಸಮಾಲೋಚನೆಗೆ ಹೋದ ಹೆಂಡತಿ

ಯಾವುದೋ ಎರಡು ದೇಶಗಳಿಗೆ ಮನಸ್ತಾಪವಾಗಿ, ಒಂದು ದೇಶ ತನ್ನ ರಾಯಭಾರಿಯನ್ನು ‘ಸಮಾಲೋಚನೆಗಾಗಿ’ ಹಿಂದಕ್ಕೆ ಕರೆಸಿಕೊಂಡಿತಂತೆ. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ದಿನವೇ ಬಾದಾಮಿಯ ನಮ್ಮ ಮಾವನವರು ನನ್ನ ಹೆಂಡತಿಯನ್ನು ಕರೆಸಿಕೊಂಡರು. ಅವರು ನಿವೃತ್ತ ಮಾಸ್ತರರು. ಜಗತ್ತಿನ ರಾಜಕಾರಣ ಅವರಿಗೆ ಮನೆಬಳಕೆಯ ಸಾಮಾನು.

ಮನಸ್ತಾಪದ ಮೂಲ ತುಪ್ಪ. ಹಿಂದಿನ ವಾರ ಅವರು ಹುನಗುಂದದ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಹೋಳಿಗೆಗೆ ತುಪ್ಪ ಬಡಿಸಲು ಬಂದ ನಮ್ಮ ಅವ್ವನಿಗೆ ಪದ್ಧತಿಯಂತೆ "ಸಾಕ್ರಿ" ಎಂದರು. ಬೀಗರು ಬೇಡವೆನ್ನಬೇಕು, ಮನೆಯವರು ಬಿಡದೆ ಸುರಿಯಬೇಕು. ಇದು ಎರಡೂ ಊರು ಒಪ್ಪಿಕೊಂಡ ಕಾನೂನು. ಅವ್ವ ಅಂದು ಯಾವ ಧ್ಯಾನದಲ್ಲಿದ್ದಳೋ, ಮೊದಲನೆಯ "ಸಾಕ್ರಿ"ಗೇ ಗಿಂಡಿಯನ್ನು ಒಳಗೆ ಒಯ್ದುಬಿಟ್ಟಳು. ಮಾವನವರು ಒಣ ಹೋಳಿಗೆ ತಿಂದು, ಕೈ ತೊಳೆದವರೇ ಬಸ್ಸು ಹತ್ತಿದರು.

ಭಾವಮೈದುನ ಬಂದು ತಂಗಿಯನ್ನು ಕರೆದೊಯ್ದ ಮೇಲೆ ಬಿಕ್ಕಟ್ಟು ಪೂರ್ಣಗೊಂಡಿತು.

"ಒಯ್ದವ್ರ ತಂದು ಬಿಡ್ಲಿ," ಎಂದಳು ಅವ್ವ.

"ಬೇಕಾದವ್ರು ಬಂದು ಕರೀಲಿ," ಎಂದರಂತೆ ಮಾವನವರು.

ಮದುವೆಯಾಗಿ ವರ್ಷ ತುಂಬಿರಲಿಲ್ಲ. ಹೆಂಡತಿಯಿಲ್ಲದ ಮನೆಯಲ್ಲಿ ನನಗೆ ರೊಟ್ಟಿ ರುಚಿಸುತ್ತಿರಲಿಲ್ಲ. ಹಾಗೆಂದು ಅವ್ವನ ಮುಂದೆ ಹೇಳುವ ಎದೆಗಾರಿಕೆ ಆ ಕಾಲದ ಗಂಡಸರಿಗೆ ಇರಲಿಲ್ಲ. ಕೊನೆಗೆ ಬಾದಾಮಿಯ ಹತ್ತಿರದ ಶಿವಯೋಗ ಮಂದಿರಕ್ಕೆ ಹೋಗುತ್ತೇನೆಂದು ಹೇಳಿ ನೆಟ್ಟಗೆ ಮಾವನವರ ಮನೆಗೆ ಹೋದೆ.

ಮಾವನವರು ಪಡಸಾಲೆಯಲ್ಲಿ ಪತ್ರಿಕೆ ಹಿಡಿದು ಕೂತಿದ್ದರು.

"ಅಳಿಯಂದ್ರು ಕರಿಯಾಕ ಬಂದ್ರೋ, ಹಂಗ ಬಂದ್ರೋ?"

ಕರೆಯಲು ಎಂದರೆ ಅವ್ವ ಸೋತಂತೆ. ಹಾಗೇ ಎಂದರೆ ಒಬ್ಬನೇ ಮರಳಬೇಕು. "ಮಂದಿರಕ್ಕ ಬಂದಿದ್ದೆರಿ," ಎಂದೆ.

"ಹಂಗಾದ್ರ ಸಮಾಲೋಚನಿ ಇನ್ನೂ ಮುಗಿದಿಲ್ಲ."

ಮಾಳಿಗೆಯ ಮೇಲೆ ಹಪ್ಪಳ ಒಣಹಾಕುತ್ತಿದ್ದ ನನ್ನ ಹೆಂಡತಿ ಇದನ್ನು ಕೇಳಿ ದಡದಡನೆ ಇಳಿದು ಬಂದಳು.

"ಎಲ್ಲಿ ಸಮಾಲೋಚನಿ ಅಪ್ಪಾ? ಬಂದಾಗಿಂದ ‘ಹಪ್ಪಳ ಒಣಗ್ಯಾವೇನು’ ಅನ್ನೂದು ಬಿಟ್ಟು ನನ್ನ ಏನರ ಕೇಳೀರೇನು?"

ಮಾವನವರು ಪತ್ರಿಕೆಯನ್ನು ಬಹಳ ಹೊತ್ತು, ಬಹಳ ನೀಟಾಗಿ ಮಡಿಚಿದರು. "ಈಗ ಕೇಳ್ತೇನಲ್ಲ. ಏನು ನಿನ್ನ ವಿಚಾರ?"

"ಹುನಗುಂದದ ಬಸ್ಸು ಯಾವಾಗೈತಿ?"

ಮಾವನವರಿಗೆ ಅದು ಗೊತ್ತಿತ್ತು. ಹೇಳಿದರು.

ಸಂಜೆ ನಾವು ಮನೆ ಮುಟ್ಟಿದಾಗ ಅವ್ವ ಹೊಸ್ತಿಲಲ್ಲೇ ನಿಂತಿದ್ದಳು. "ಯಾರು ತಂದು ಬಿಟ್ರು?"

"ಯಾರೂ ಇಲ್ಲರಿ ಅತ್ತಿ, ನಾನ ಬಂದೆ. ಗಂಟು ಭಾರ ಐತಿ, ದಾರಿ ಬಿಡ್ರಿ."

ಅವ್ವ ಪಕ್ಕಕ್ಕೆ ಸರಿದಳು. ಅದೇ ಸಂದಿಯಲ್ಲಿ ನಾನೂ ಒಳಸೇರಿದೆ.