ತೊಂಡೆಕಾಯಿ ನೆಪದ ಶನಿವಾರಗಳು

ಹಡಗಿನಲ್ಲಿ ಏನನ್ನು ಬೇಕಾದರೂ ಹೇರಿಕೊಂಡು ಬರಬಹುದಾಗಿದ್ದ ಕಾಲವದು. ನಾವಾಗ ಐರ್ಲೆಂಡಿನಲ್ಲಿ, ಡಬ್ಲಿನ್ ಪಕ್ಕದ ಡನ್ ಲಿಯರಿಯಲ್ಲಿದ್ದೆವು. ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮ, ಸಮುದ್ರದಾಚೆ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದಳು. ತಿಂಗಳಿಗೊಮ್ಮೆ ಕಾರಿನ ಡಿಕ್ಕಿ ತುಂಬ ತೊಂಡೆಕಾಯಿ, ಬಸಳೆ, ಕರಿಬೇವು, ತುಪ್ಪದ ಡಬ್ಬಿ ತುಂಬಿಕೊಂಡು, ಕಾರನ್ನೇ ಹಡಗಿಗೆ ಹತ್ತಿಸಿ ಬರುತ್ತಿದ್ದಳು. ಡಬ್ಲಿನ್ ಬಂದರಿನಲ್ಲಿ ಅವಳನ್ನು ಯಾರೂ ಕೇಳುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ನಮ್ಮ ಹಾಲ್ ಸಂತೆಯಾಗುತ್ತಿತ್ತು. ಊರಿನ ಕಡೆಯ ಡಾಕ್ಟರುಗಳ ಮನೆಯವರೆಲ್ಲ ಬಂದು ಕರಿಬೇವನ್ನು ಮೂಸಿ ನೋಡಿಯೇ ಒಯ್ಯುತ್ತಿದ್ದರು. ನಾನೂ ತಂಗಿಯೂ ಖಾಲಿ ರಟ್ಟಿನ ಪೆಟ್ಟಿಗೆಯಲ್ಲಿ ಕೂತು ಹಡಗಿನಾಟ ಆಡುತ್ತಿದ್ದೆವು. ಮಧ್ಯಾಹ್ನ ಬೆಳ್ಳುಳ್ಳಿ ಒಗ್ಗರಣೆಯ ಬಸಳೆ ಹುಳಿ. ಊಟವಾದ ಮೇಲೆ ದೊಡ್ಡಮ್ಮ ಅಮ್ಮನ ತಲೆಗೆ ಎಣ್ಣೆ ಹಚ್ಚುತ್ತ ಕೂರುತ್ತಿದ್ದಳು. ಅಮ್ಮ ಬಿದ್ದು ಬಿದ್ದು ನಗುತ್ತಿದ್ದುದನ್ನು ನಾನು ನೋಡಿದ್ದು ಆಗ ಮಾತ್ರ.

ವ್ಯಾಪಾರ ಬರೀ ನೆಪ. ದೊಡ್ಡಪ್ಪ ಎಂಜಲು ಕೈಯಲ್ಲಿ ಕಾಗೆ ಓಡಿಸದ ಆಸಾಮಿ. ದೊಡ್ಡಮ್ಮ ತನ್ನ ತಂಗಿಯ ಮುಖ ನೋಡಬೇಕೆಂದರೆ ಕಾರಿನ ಕೀಲಿ ಕೊಡುವವನಲ್ಲ, ಲಾಭವಿದೆ ಎಂದರೆ ಕೊಡುತ್ತಿದ್ದ. ಅಪ್ಪನಿಗೂ ಅವನಿಗೂ ಯಾವುದೋ ಹಳೆಯ ಜಗಳ, ಮಾತಿಲ್ಲ ಕತೆಯಿಲ್ಲ. ಹಾಗಾಗಿ ಅಮ್ಮ ಆ ಮನೆಗೆ ಹೋಗುವಂತಿರಲಿಲ್ಲ.

ಬ್ರಿಟನ್ ಯುರೋಪಿನ ಒಕ್ಕೂಟ ಬಿಟ್ಟಾಗ, ನಮಗೇನಂತೆ ಎಂದು ದೊಡ್ಡವರು ನಕ್ಕರು. ನಡುವೆ ಕೊರೊನಾ ಬಂದು ಓಡಾಟ ನಿಂತಿತು. ಮತ್ತೆ ದಾರಿ ತೆರೆದಾಗ, ಒಕ್ಕೂಟದಲ್ಲೇ ಉಳಿದ ಐರ್ಲೆಂಡಿಗೆ ಬ್ರಿಟನ್ ಹೊರಗಿನದಾಗಿ, ಕಸ್ಟಮ್ಸ್ ನಿಯಮವೇ ಬದಲಾಗಿತ್ತು. ಬಂದರಿನಲ್ಲಿ ದೊಡ್ಡಮ್ಮನ ಡಿಕ್ಕಿ ತೆಗೆಸಿದರು. ತರಕಾರಿಗೆ ಸರ್ಟಿಫಿಕೇಟ್ ಇಲ್ಲ, ತುಪ್ಪವನ್ನಂತೂ ತರುವ ಹಾಗೇ ಇಲ್ಲ. ಎಲ್ಲವನ್ನೂ ತೆಗೆದುಕೊಂಡು, ಅಡ್ಡಿಯಿಲ್ಲದ ತೆಂಗಿನಕಾಯಿಯನ್ನಷ್ಟೇ ಬಿಟ್ಟರಂತೆ. ಅಧಿಕಾರಿ ಪಾಪ, ಮೂರು ಸಲ ಸಾರಿ ಅಂದನಂತೆ.

ಆ ಶನಿವಾರ ನಮ್ಮ ಮನೆಗೆ ಕೊಳ್ಳುವವರು ಯಾರೂ ಬರಲಿಲ್ಲ. ಅಮ್ಮ ಹೇಳಿದಳು, "ವ್ಯಾಪಾರ ಹಾಳಾಗ್ಲಿ ಅಕ್ಕ, ನೀನ್ ಬರ್ತಾ ಇರು. ಟಿಕೆಟ್ ನಾನ್ ತೆಗೀತೀನಿ."

"ಸುಮ್ನೆ ಹೋಗ್ತೀನಿ ಅಂದ್ರೆ ನಿಮ್ ಭಾವ ಯಾಕೆ ಅಂತಾರೆ ಕಣೇ. ಏನಂತ ಹೇಳ್ಲಿ?"

ಇಲ್ಲೇ ಹುಟ್ಟಿದ ನನ್ನ ತಂಗಿ ದೊಡ್ಡಮ್ಮನ ಕೈ ಹಿಡಿದು, ಪರವಾಗಿಲ್ಲ ಎನ್ನಲು ಇಲ್ಲಿನವರು ಹೇಳುವ ಹಾಗೆ, "ಇಟ್ಸ್ ಗ್ರ್ಯಾಂಡ್ ದೊಡ್ಡಮ್ಮ, ನೆಕ್ಸ್ಟ್ ಮಂತ್ ಬನ್ನಿ" ಅಂದಳು. ದೊಡ್ಡಮ್ಮ ಹೂಂ ಅಂದಳು. ಅವಳು ಮತ್ತೆ ಬರಲಿಲ್ಲ. ಫೋನಿನಲ್ಲಿ ದೊಡ್ಡಪ್ಪ ಪಕ್ಕದಲ್ಲೇ ಇರುತ್ತಿದ್ದ, ಮಾತು ಊಟ ಆಯ್ತಾ ಎಂಬಲ್ಲಿಗೆ ಮುಗಿಯುತ್ತಿತ್ತು. ನನಗೆ ಇಂದಿಗೂ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಮಾತ್ರ ತಿಳಿಯುವುದಿಲ್ಲ.

ಈಗ ಡಬ್ಲಿನ್ನಿನಲ್ಲಿ ತೊಂಡೆಕಾಯಿ, ಬಸಳೆ ಎಲ್ಲ ಸಿಗುತ್ತವೆ. ಕಾಗದಪತ್ರ ಸರಿ ಮಾಡಿಕೊಂಡ ದೊಡ್ಡ ವ್ಯಾಪಾರಿಗಳು ತರಿಸುತ್ತಾರೆ. ದೊಡ್ಡಮ್ಮ ಕಳೆದ ಚಳಿಗಾಲದಲ್ಲಿ ತೀರಿಕೊಂಡಳು. ಮಾತು ಬಿಟ್ಟ ಮನೆಗೂ ಸಾವಿಗೆ ಹೋಗಲೇಬೇಕಲ್ಲ, ಅಮ್ಮ ಹಡಗು ಹತ್ತಿದಳು. ಹೋಗುವಾಗಲೂ ಬರುವಾಗಲೂ ಬಂದರಿನಲ್ಲಿ ಅವಳನ್ನು ಯಾರೂ ತಡೆಯಲಿಲ್ಲ.